ಅಮೆರಿಕದಲ್ಲಿದ್ದುಕೊಂಡು ಭಾರತದಿಂದ ಮಗು ದತ್ತು ತೆಗೆದುಕೊಳ್ಳುವ ಯೋಚನೆ: ಗೊತ್ತಿದ್ದವರು ಹೇಳಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗ ಕಡೆಯವರು, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ನನಗೆ 39, ನಮ್ಮವರಿಗೆ 43. ಐವಿಎಫ್ ಇನ್ನು ಸಾಕು ಅಂತ ಇಬ್ಬರೂ ತೀರ್ಮಾನ ಮಾಡಿದ್ದೇವೆ, ಆ ವಿಷಯ ಇಲ್ಲಿ ಬೇಡ. ಭಾರತದಿಂದ ಒಂದು ಮಗುವನ್ನು ದತ್ತು ತೆಗೆದುಕೊಳ್ಳಬೇಕು ಅಂತಿದ್ದೇವೆ. ಆದಷ್ಟು ಚಿಕ್ಕ ಮಗು, ಸಾಧ್ಯವಾದರೆ ಕರ್ನಾಟಕದ್ದೇ.

ಅವರು ಕಳೆದ ವರ್ಷ ಇಲ್ಲಿನ ಸಿಟಿಜನ್ ಆದರು. ನನ್ನದು ಗ್ರೀನ್ ಕಾರ್ಡ್, ಭಾರತದ ಪಾಸ್‌ಪೋರ್ಟ್. ನಾನೂ ಸಿಟಿಜನ್ ಆಗಿಬಿಟ್ಟರೆ ಕೆಲಸ ಸಲೀಸು, ಆಮೇಲೆ ಶುರು ಮಾಡೋಣ ಅನ್ನುವುದು ಅವರ ಲೆಕ್ಕ. ಅತ್ತೆಯವರು ಮಾತ್ರ "ಊರಿಗೆ ಬಂದು ಒಂದು ಹೋಮ ಮಾಡಿಸಿ ಮಗು ಕರ್ಕೊಂಡು ಹೋದ್ರಾಯ್ತಲ್ಲ, ಅದಕ್ಕೆ ಇಷ್ಟು ಪೇಪರ್ ಯಾಕೆ" ಅಂತಿದ್ದಾರೆ. ಎಲ್ಲಿಂದ ಶುರು ಮಾಡಬೇಕು? ಎಷ್ಟು ಕಾಲ ಹಿಡಿಯುತ್ತದೆ?

ಕಡತ ಭಟ್ಟ:

ಮೇಡಂ, ಮೊದಲು ನಿಮ್ಮ ಸಿಟಿಜನ್‌ಶಿಪ್ ಅರ್ಜಿಯನ್ನು ಸ್ವಲ್ಪ ತಡೆಯಿರಿ. ನಿಮ್ಮ ಯಜಮಾನರ ಲೆಕ್ಕ ತಲೆಕೆಳಗಾಗಿದೆ.

ಭಾರತದಲ್ಲಿ ದತ್ತು ವ್ಯವಹಾರ ನೋಡಿಕೊಳ್ಳುವುದು ಕಾರಾ, ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ. ಅದರ ನಿಯಮದಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಎನ್‌ಆರ್‌ಐಗಳಿಗೆ ಭಾರತದಲ್ಲೇ ಇರುವವರಷ್ಟೇ ಆದ್ಯತೆ. ಒಸಿಐ ಕಾರ್ಡಿನವರು, ಅಂದರೆ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರು, ಮತ್ತು ವಿದೇಶೀಯರು ಅವರ ನಂತರ. ದಂಪತಿಗಳಲ್ಲಿ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ವಿದೇಶಿ ಪ್ರಜೆಯಾಗಿದ್ದರೆ ಅವರನ್ನು ಭಾರತೀಯರ ಸಾಲಿನಲ್ಲೇ ಪರಿಗಣಿಸುತ್ತಾರೆ. ಅಂದರೆ ನಿಮ್ಮ ನೀಲಿ ಪಾಸ್‌ಪೋರ್ಟ್ ಇವತ್ತು ನಿಮ್ಮ ಮನೆಯ ದೊಡ್ಡ ಆಸ್ತಿ. ಇದನ್ನು ಏಜೆನ್ಸಿಯಿಂದ ಬರವಣಿಗೆಯಲ್ಲಿ ಖಚಿತ ಮಾಡಿಕೊಳ್ಳಿ.

ಅಮೆರಿಕದ ಕಡೆಯಿಂದ ನೋಡಿದರೆ ಗಂಡ ಹೆಂಡತಿಯಲ್ಲಿ ಒಬ್ಬರು ಸಿಟಿಜನ್ ಆಗಿದ್ದರೆ ಸಾಕು, ಇನ್ನೊಬ್ಬರು ಕಾನೂನುಬದ್ಧವಾಗಿ ಅಲ್ಲಿರಬೇಕು ಅಷ್ಟೆ. ನಿಮ್ಮಿಬ್ಬರ ಜೋಡಿ ಎರಡೂ ಕಡೆಗೆ ಸರಿಯಾಗಿ ಕೂತಿದೆ. ಅದನ್ನು ಸುಮ್ನೆ ಕೆಡಿಸಿಕೊಳ್ಳಬೇಡಿ.

ವಯಸ್ಸು ಇಬ್ಬರದೂ ಸೇರಿ 82. ಎರಡು ವರ್ಷದೊಳಗಿನ ಮಗುವಿಗೆ ದಂಪತಿಗಳ ಒಟ್ಟು ವಯಸ್ಸು 85 ಮೀರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100. ಲೆಕ್ಕ ಹಿಡಿಯುವುದು ನೋಂದಣಿಯಾದ ದಿನದ್ದು. ಪ್ರತಿ ವರ್ಷ ನಿಮ್ಮ ಮೊತ್ತ ಎರಡು ಏರುತ್ತದೆ ಅನ್ನೋದು ನೆನಪಿರಲಿ.

ದಾರಿ ಹೀಗಿದೆ. ಅಮೆರಿಕದಿಂದ ನೀವೇ ಕಾರಾ ಪೋರ್ಟಲ್‌ಗೆ ಹೋಗಿ ಅರ್ಜಿ ಹಾಕಲು ಬರುವುದಿಲ್ಲ. ಕಾರಾ ಅಧಿಕೃತಗೊಳಿಸಿದ ಅಲ್ಲಿನ ಏಜೆನ್ಸಿಯ ಮೂಲಕ ಹೋಗಬೇಕು. ಅವರು ನಿಮ್ಮ ಮನೆ ಅಧ್ಯಯನ ವರದಿ ಮಾಡಿಸುತ್ತಾರೆ. ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್‌ಗೆ ಐ-800ಎ ಅರ್ಜಿ ಹೋಗುತ್ತದೆ, ನೀವು ದತ್ತು ತೆಗೆದುಕೊಳ್ಳಲು ಅರ್ಹರು ಅಂತ ಅವರು ಒಪ್ಪಬೇಕು. ಮಗು ಗೊತ್ತಾದ ಮೇಲೆ ಆ ಮಗುವಿನ ಹೆಸರಿನಲ್ಲಿ ಐ-800. ಅದಕ್ಕೆ ತಾತ್ಕಾಲಿಕ ಒಪ್ಪಿಗೆ ಬರಬೇಕು, ಕಾರಾ ನಿರಾಕ್ಷೇಪಣಾ ಪತ್ರ ಕೊಡಬೇಕು, ಆಮೇಲೆ ಜಿಲ್ಲಾಧಿಕಾರಿಯ ದತ್ತು ಆದೇಶ. ಮೊದಲು ಈ ಆದೇಶ ಕೋರ್ಟಿನಲ್ಲಿ ಆಗುತ್ತಿತ್ತು, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗೆ ಬಂದಿದೆ. ಕೊನೆಗೆ ಮಗುವಿನ ಪಾಸ್‌ಪೋರ್ಟ್, ವೀಸಾ. ದತ್ತು ಭಾರತದಲ್ಲೇ ಪೂರ್ತಿಯಾಗಿದ್ದರೆ ಐಎಚ್-3 ವೀಸಾ ಸಿಗುತ್ತದೆ. ಸಿಟಿಜನ್ ಅಪ್ಪನ ಜೊತೆ ವಾಸಕ್ಕೆ ಅಂತ ಅಮೆರಿಕದಲ್ಲಿ ಇಳಿದ ಕೂಡಲೇ ಮಗುವೂ ಸಿಟಿಜನ್.

ಈ ಕ್ರಮ ಹಿಂದೆ ಮುಂದೆ ಆಗಬಾರದು. ಅತ್ತೆಯವರು ಹೇಳಿದ ಹಾಗೆ ಮೊದಲು ಹೋಮ ಮಾಡಿ, ಮಗು ಕೈಗೆ ತಗೊಂಡು, ಆಮೇಲೆ ವೀಸಾ ಅಂತ ಹೋದರೆ ಮಗು ಶಿವಮೊಗ್ಗದಲ್ಲೇ ಉಳಿಯುತ್ತದೆ, ನೀವು ನ್ಯೂಜೆರ್ಸಿಯಲ್ಲಿ.

ಬೆಣ್ಣೆದೋಸೆ:

ಇಷ್ಟೆಲ್ಲ ತಲೆನೋವು ಯಾಕೆ ಅಂತ. ಅಣ್ಣನದೋ ತಮ್ಮನದೋ ಮಗು ತಗೊಳ್ಳಿ. ನಮ್ಮ ದಾವಣಗೆರೆಯಲ್ಲಿ ನಮ್ಮ ಚಿಕ್ಕಪ್ಪ ಹಾಗೇ ನಮ್ಮ ಅತ್ತೆ ಮನೆಗೆ ದತ್ತು ಹೋದವರು. ರಕ್ತ ಸಂಬಂಧವೂ ಉಳಿಯುತ್ತೆ.

ಕಡತ ಭಟ್ಟ:

ಅಣ್ಣಾ, ನಿಮ್ಮ ಚಿಕ್ಕಪ್ಪ ದಾವಣಗೆರೆಯಿಂದ ದಾವಣಗೆರೆಗೆ ಹೋದರು, ವೀಸಾ ಬೇಕಿರಲಿಲ್ಲ.

ಬಂಧುಗಳ ಮಗುವನ್ನು ಹೊರದೇಶಕ್ಕೆ ದತ್ತು ಒಯ್ಯಲು ಭಾರತದ ಕಾನೂನಿನಲ್ಲಿ ಅವಕಾಶ ಇದೆ. ಕಾರಾ ದತ್ತುಗಳು ನಡೆಯುವ ಬಾಲನ್ಯಾಯ ಕಾಯ್ದೆಯಲ್ಲಿ ಬಂಧು ಅಂದರೆ ಮಗುವಿನ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ, ಅಜ್ಜ, ಅಜ್ಜಿ ಇಷ್ಟೇ. ಕಸಿನ್ ಮಗು ಅದರಲ್ಲಿ ಬರುವುದಿಲ್ಲ. ತೊಡಕಿರುವುದು ಅಮೆರಿಕದ ಕಡೆ. ಹೆತ್ತ ಅಪ್ಪ ಅಮ್ಮ ಇಬ್ಬರೂ ಬದುಕಿದ್ದು ಮಗುವನ್ನು ಕೊಡುವುದಾದರೆ, ಅವರಿಗೆ ಆ ಮಗುವನ್ನು ಸರಿಯಾಗಿ ಸಾಕುವ ಶಕ್ತಿ ಇಲ್ಲ ಅಂತ ತೋರಿಸಬೇಕು. ಸ್ವಂತ ಮನೆ, ಕಾರು, ಸರ್ಕಾರಿ ನೌಕರಿ ಇರುವ ತಮ್ಮ ಅದನ್ನು ಹೇಗೆ ತೋರಿಸುತ್ತಾನೆ? ನಮ್ಮಲ್ಲಿ ಪ್ರೀತಿಯಿಂದ ಕೊಡುತ್ತಾರೆ. ವೀಸಾ ಅಧಿಕಾರಿಗೆ ಪ್ರೀತಿ ಸಾಲದು.

ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, ಅದೇ 1956ರದ್ದು, ಅದರಡಿ ಮಾಡಿಕೊಂಡ ದತ್ತುಗಳಿಗೂ ಮಗುವನ್ನು ಹೊರದೇಶಕ್ಕೆ ಕರೆದೊಯ್ಯಲು ಕಾರಾದ ನಿರಾಕ್ಷೇಪಣಾ ಪತ್ರ ಬೇಕೇ ಬೇಕು.

ಎಚ್1ಬಿ ಬವಣೆ:

ಭಟ್ರೇ, ಗಂಡ ಹೆಂಡತಿ ಇಬ್ಬರೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದರೆ? ಭಾರತದ ಪಾಸ್‌ಪೋರ್ಟ್ ಇಬ್ಬರದೂ ಇದೆ, ಆದ್ಯತೆ ಸಿಗುತ್ತಲ್ವಾ?

ಕಡತ ಭಟ್ಟ:

ಆದ್ಯತೆ ಸಿಗುತ್ತೆ, ವೀಸಾ ಸಿಗಲ್ಲ. ಐ-800 ದಾರಿ ಇರುವುದು ಸಿಟಿಜನ್‌ಗಳಿಗೆ ಮಾತ್ರ. ಮಗುವನ್ನು ಎಚ್-4, ಅಂದರೆ ಅವಲಂಬಿತರ ವೀಸಾ ಮೇಲೆ ಕರೆಸೋಣ ಅಂದರೆ, 16 ವರ್ಷದೊಳಗೆ ದತ್ತಾಗಿರಬೇಕು, ಜೊತೆಗೆ ಎರಡು ವರ್ಷ ನಿಮ್ಮ ಕಾನೂನಿನ ಸುಪರ್ದಿಯಲ್ಲಿದ್ದು ನಿಮ್ಮ ಜೊತೆ ವಾಸ ಮಾಡಿರಬೇಕು. ಅಂದರೆ ಒಬ್ಬರು ಕೆಲಸ ಬಿಟ್ಟು ಊರಲ್ಲಿ ಇರಬೇಕಾಗುತ್ತದೆ. ಹಾಗೆ ಇದ್ದವರು ಇದ್ದಾರೆ. ವಲಸೆ ಕಾನೂನಿನ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ.

ಎಚ್1ಬಿ ಬವಣೆ:

ಗ್ರೀನ್ ಕಾರ್ಡ್ ಬಂದು, ಸಿಟಿಜನ್ ಆಗಿ, ಆಮೇಲೆ ಅರ್ಜಿ ಹಾಕುವಷ್ಟರಲ್ಲಿ ನಮ್ಮಿಬ್ಬರ ವಯಸ್ಸು ಸೇರಿ 120 ಆಗಿರುತ್ತೆ. ಧನ್ಯವಾದ ಭಟ್ರೇ.

ಕುಡ್ಲದವ:

ಗಲ್ಫ್‌ನಲ್ಲಿರುವವರಿಗೆ ಒಂದು ಮಾತು. ಅಧಿಕೃತ ಏಜೆನ್ಸಿ ಇಲ್ಲದ ದೇಶಗಳಲ್ಲಿ ಎನ್‌ಆರ್‌ಐಗಳ ಕೆಲಸ ಭಾರತೀಯ ರಾಯಭಾರ ಕಚೇರಿಯ ಮೂಲಕ ನಡೆಯುತ್ತದೆ. ನಾವು ಮಂಗಳೂರಿನ ಕ್ರಿಶ್ಚಿಯನ್ನರು, "ನಿಮಗೆ ದತ್ತು ಕಾನೂನೇ ಇಲ್ಲ" ಅಂತ ಯಾರೋ ಹೆದರಿಸಿದ್ದರು. ಅದು ಹಳೇ ಕಥೆ. ಬಾಲನ್ಯಾಯ ಕಾಯ್ದೆಗೆ ಜಾತಿ ಧರ್ಮ ಇಲ್ಲ.

ಫೇಡಾಪ್ರಿಯ:

ತುಂಗಾತೀರ ಅವರೇ, ಕಾಗದದ ವಿಷಯ ಭಟ್ರು ಹೇಳಿದ್ದಾರೆ. ನಾನು ಮಗುವಿನ ವಿಷಯ ಹೇಳುತ್ತೇನೆ. ನಾವು ಧಾರವಾಡದವರು, ಟೆಕ್ಸಾಸ್‌ನಲ್ಲಿದ್ದೇವೆ. ಇಬ್ಬರೂ ಒಸಿಐ. ನಮ್ಮ ಮಗಳು ಒಡಿಶಾದಿಂದ ಬಂದವಳು. ಬಂದಾಗ ಆರು ತುಂಬುತ್ತಿತ್ತು.

ನೀವು "ಚಿಕ್ಕ ಮಗು, ಕರ್ನಾಟಕದ್ದು" ಅಂತ ಬರೆದಿದ್ದೀರಿ. ನಾವೂ ಅಲ್ಲಿಂದಲೇ ಶುರು ಮಾಡಿದವರು, ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಆದರೆ ಲೆಕ್ಕ ನೋಡಿ. ಭಾರತದಲ್ಲೇ 30 ಸಾವಿರಕ್ಕೂ ಹೆಚ್ಚು ಅರ್ಜಿಗಳು ನೋಂದಣಿಯಾಗಿ ಕಾಯುತ್ತಿವೆ. 2024-25ರಲ್ಲಿ ಇಡೀ ದೇಶದಲ್ಲಿ ಕಾರಾ ಮೂಲಕ ಆದ ದತ್ತು 4,515. ಅದರಲ್ಲಿ 4,155 ದೇಶದೊಳಗೇ ಆದವು. ಆರೋಗ್ಯವಾಗಿರುವ ಪುಟ್ಟ ಮಗುವಿಗೆ ಕಾಯುವವರ ಸಾಲು ಬೆಳಗಾವಿಯಲ್ಲೂ ಇದೆ, ಬಳ್ಳಾರಿಯಲ್ಲೂ ಇದೆ. ಹಾಗಿರಬೇಕಾದ್ದೇ ಸರಿ, ಮಗುವಿಗೆ ತನ್ನ ದೇಶದಲ್ಲೇ ಮನೆ ಸಿಗುವುದಾದರೆ ಅದನ್ನು ಹೊರಗೆ ಕಳಿಸುವುದು ಯಾಕೆ? ದೇಶದಿಂದ ದೇಶಕ್ಕೆ ಆಗುವ ದತ್ತುಗಳ ಬಗ್ಗೆ ಇರುವ ಹೇಗ್ ಒಪ್ಪಂದದ ತಿರುಳೂ ಅದೇ. ಭಾರತ ಅದಕ್ಕೆ 2003ರಲ್ಲಿ ಒಪ್ಪಿಗೆ ಹಾಕಿದೆ.

ಹೊರದೇಶದ ಮನೆಗಾಗಿ ನಿಜವಾಗಿ ಕಾಯುವ ಮಕ್ಕಳು ಬೇರೆ. ಐದು ವರ್ಷ ದಾಟಿದವರು. ಅಕ್ಕ ತಮ್ಮ ಜೋಡಿ. ಸೀಳುತುಟಿ, ಹೃದಯದಲ್ಲಿ ರಂಧ್ರ, ಕಿವಿ ಕೇಳಿಸದವರು, ತಿಂಗಳು ತುಂಬದೆ ಹುಟ್ಟಿದವರು. ನಮ್ಮವಳಿಗೆ ಸೀಳುತುಟಿ ಇತ್ತು. ಅಲ್ಲೇ ಒಂದು ಆಪರೇಷನ್ ಆಗಿತ್ತು, ಅಂಗುಳಿಗೆ ಇನ್ನೊಂದು ಬೇಕಿತ್ತು.

ಮಗುವಿನ ವಿವರ ಬಂದಾಗ ಕಾಯ್ದಿರಿಸಲು 96 ಗಂಟೆ ಕೊಡುತ್ತಾರೆ. ಆಮೇಲೆ ಒಪ್ಪಿ ಸಹಿ ಹಾಕಲು 30 ದಿನ. ಬರುವುದು ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ, ಫೋಟೋ. ಫೋಟೋ ಮೊದಲು ನೋಡಬೇಡಿ, ವರದಿ ಓದಿ. ನಾವು ಅದನ್ನು ದತ್ತು ಮಕ್ಕಳನ್ನೇ ನೋಡುವ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಎತ್ತರ, ತೂಕ, ತಲೆಯ ಸುತ್ತಳತೆ, ಯಾವ ತಿಂಗಳು ಎಷ್ಟಿತ್ತು ಅಂತ ಸಾಲಾಗಿ ಬರೆದುಕೊಂಡರು. ಒಂದು ಅಂಕಿಗಿಂತ ಅಂಕಿಗಳು ಹೇಗೆ ಏರುತ್ತಾ ಬಂದಿವೆ ಅನ್ನುವುದು ಮುಖ್ಯ ಅಂದರು. ವರದಿಯಲ್ಲಿ ಇಲ್ಲದ ಪ್ರಶ್ನೆಗಳನ್ನು ಏಜೆನ್ಸಿ ಮೂಲಕ ಕೇಳಿಸಿದರು: ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರೆ ತಿರುಗುತ್ತಾಳಾ, ಮೆಟ್ಟಿಲು ಹತ್ತುವಾಗ ಕಾಲು ಬದಲಿಸುತ್ತಾಳಾ.

ಮನೆ ಅಧ್ಯಯನ ಅಂದರೆ ಮನೆ ನೋಡಿ ಹೋಗುವುದು ಅಂತ ನಮ್ಮವರು ಅಂದುಕೊಂಡಿದ್ದರು. ಸಮಾಜ ಕಾರ್ಯಕರ್ತೆ ಬಂದು ಹೊಗೆ ಪತ್ತೆ ಹಚ್ಚುವ ಅಲಾರ್ಮ್ ಒತ್ತಿ ನೋಡಿದರು, ಮಾತ್ರೆ ಡಬ್ಬ ಎಲ್ಲಿಟ್ಟಿದ್ದೀರಿ ಅಂದರು, ಅದು ಹತ್ತು ನಿಮಿಷ. ಮಿಕ್ಕಿದ್ದೆಲ್ಲ ಮಾತು. "ಚಿಕ್ಕವರಿದ್ದಾಗ ತಪ್ಪು ಮಾಡಿದರೆ ಮನೆಯಲ್ಲಿ ಏನು ಮಾಡುತ್ತಿದ್ದರು?" ಅಂತ ನನ್ನ ಗಂಡನನ್ನು ಕೇಳಿದರು. ಇವರು ನಗುತ್ತಾ "ಅಪ್ಪ ಬಾರುಕೋಲು ಹಿಡೀತಿದ್ರು, ಎಲ್ಲರ ಮನೆಯಲ್ಲೂ ಹಾಗೇ ತಾನೆ" ಅಂದರು. ಅವರು ನಗಲಿಲ್ಲ, ಬರೆದುಕೊಂಡರು. ಆಮೇಲೆ ಪ್ರತ್ಯೇಕವಾಗಿ ಕೂರಿಸಿ ಅದರ ಮೇಲೇ ಮಾತಾಡಿದರು. ಹೊಡೆಯದೆ ಮಗುವನ್ನು ಹೇಗೆ ತಿದ್ದುತ್ತೀರಿ ಅಂತ ಇಬ್ಬರೂ ಬರೆದು ಸಹಿ ಹಾಕಬೇಕಾಯಿತು. ಮೊದಲು ಸಿಟ್ಟು ಬಂತು. ಮಗು ಬಂದ ಮೇಲೆ ಆ ಪ್ರಶ್ನೆ ಯಾಕೆ ಅಂತ ಗೊತ್ತಾಯಿತು. ನಮ್ಮ ಮನೆಯಲ್ಲಿ ಧ್ವನಿ ಸ್ವಲ್ಪ ಏರಿದರೂ ಅವಳು ಮೇಜಿನ ಕೆಳಗೆ ಹೋಗುತ್ತಿದ್ದಳು.

ಕನ್ನಡ ಕಲಿಸುತ್ತೇವೆ ಅಂತ ಉತ್ಸಾಹ ಇತ್ತು. ಅವಳಿಗೆ ಗೊತ್ತಿದ್ದದ್ದು ಒಡಿಯಾ. ಆಫೀಸಿನ ಒಡಿಯಾ ಗೆಳತಿಯಿಂದ ನಾನು ಪಾಣಿ, ಭಾತ, ನೋವು, ಹೆದರಿಕೆ, ಸಾಕು, ಬೇಕು ಇಂಥ ಮಾತುಗಳನ್ನು ಬರೆಸಿಕೊಂಡು ಫ್ರಿಜ್ ಮೇಲೆ ಅಂಟಿಸಿದ್ದೆ. ಊಟ ಮುಗಿದ ಕೂಡಲೇ ತಟ್ಟೆ ತೊಳೆಯಲು ಓಡುತ್ತಿದ್ದಳು. ನೆಂಟರೆಲ್ಲ "ಎಷ್ಟು ಒಳ್ಳೇ ಹುಡುಗಿ" ಅಂತ ಹೊಗಳಿದರು. ತೊಳೆಯದಿದ್ದರೂ ನಾಳೆ ಊಟ ಸಿಗುತ್ತೆ ಅಂತ ಅವಳಿಗೆ ನಂಬಿಕೆ ಬಂದ ಮೇಲೆ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋಗತೊಡಗಿದಳು. ಆ ದಿನ ನಾನೂ ನಮ್ಮವರೂ ಖುಷಿಪಟ್ಟೆವು. ಈಗ ಬೈದರೂ ತೊಳೆಯುವುದಿಲ್ಲ.

ಒಬ್ಬಳೇ ಕೋಣೆಯಲ್ಲಿ ಮಲಗಿದವಳಲ್ಲ, ಹಾಲ್ ತುಂಬಾ ಮಕ್ಕಳ ಜೊತೆ ಮಲಗಿದವಳು. ಗುಲಾಬಿ ಬಣ್ಣ ಬಳಿದು ಸಿಂಗರಿಸಿದ ಕೋಣೆ ಬಹಳ ಕಾಲ ಖಾಲಿಯೇ ಇತ್ತು.

ಇಷ್ಟು ಹೇಳಿದ್ದು ಹೆದರಿಸಲು ಅಲ್ಲ. ಕಾಯುವ ಕಾಲ ಎಷ್ಟು ಅಂತ ಕೇಳಿದ್ದೀರಿ. ಯಾವ ಮಗುವಿಗೆ ನಿಮ್ಮ ಮನೆ ತೆರೆದಿದೆ ಅನ್ನೋದರ ಮೇಲೆ ಅದು ನಿಂತಿದೆ.

ಜೋಗದ ಗುಂಡಿ:

ಅಕ್ಕ, ಕಾರಾ ಗೀರಾ ಅಂತ ವರ್ಷಗಟ್ಟಲೆ ಕಾಯೋದು ಬೇಡ. ನಮ್ಮ ಕಡೆ ಒಬ್ಬ ಡಾಕ್ಟರ್ ಪರಿಚಯ ಇದ್ದಾರೆ. ಮದುವೆಯಾಗದ ಹುಡುಗಿಯರು ಹೆರಿಗೆಗೆ ಬರುತ್ತಾರೆ. ಜನನ ಪ್ರಮಾಣ ಪತ್ರದಲ್ಲೇ ನಿಮ್ಮ ಹೆಸರು ಹಾಕಿಸಬಹುದು. ನಂಬರ್ ಬೇಕಾದರೆ [ಅಳಿಸಲಾಗಿದೆ]

ನಿರ್ವಾಹಕರು:

ಮೇಲಿನ ನಂಬರ್ ತೆಗೆದಿದ್ದೇವೆ. ಬರೆದವರ ಖಾತೆ ಬಂದ್ ಮಾಡಿದ್ದೇವೆ. ಹೊಸಬರಿಗೆ ಎಚ್ಚರಿಕೆಯಾಗಲಿ ಅಂತ ಪೋಸ್ಟ್ ಮಾತ್ರ ಉಳಿಸಿದ್ದೇವೆ.

ಕಡತ ಭಟ್ಟ:

ಇದು ದತ್ತು ಅಲ್ಲ, ಮಗು ಮಾರಾಟ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 81ರಲ್ಲಿ ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ದಂಡ. ಅದೂ ಅಲ್ಲದೆ ಆ ಹುಡುಗಿಗೆ ಕಾನೂನು ಒಂದು ರಕ್ಷಣೆ ಕೊಟ್ಟಿದೆ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಿದ ಮೇಲೂ ಎರಡು ತಿಂಗಳು ಮನಸ್ಸು ಬದಲಿಸಲು ಅವಕಾಶ ಇದೆ. ಡಾಕ್ಟರ್ ದಾರಿಯಲ್ಲಿ ಆ ಎರಡು ತಿಂಗಳನ್ನು ಅವಳಿಂದ ಕಿತ್ತುಕೊಂಡ ಹಾಗಾಯಿತು.

ಈಗಿನ ಬಿಗಿ ಸುಮ್ಮನೆ ಬಂದದ್ದಲ್ಲ. ಮಕ್ಕಳನ್ನು ಹೊರದೇಶಕ್ಕೆ ಕಳಿಸುವುದರಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಅದನ್ನೇ ಅರ್ಜಿಯಾಗಿ ತೆಗೆದುಕೊಂಡು ನ್ಯಾಯಮೂರ್ತಿ ಪಿ.ಎನ್. ಭಗವತಿ 1984ರಲ್ಲಿ ತೀರ್ಪು ಕೊಟ್ಟರು. 1990ರಲ್ಲಿ ಕಾರಾ ಹುಟ್ಟಿದ್ದು ಅದರ ಬೆನ್ನಲ್ಲೇ.

ಬೆಣ್ಣೆದೋಸೆ:

ಸರಿ, ಒಪ್ಪಿದೆ. ಆದರೂ ಒಂದು ಪ್ರಶ್ನೆ. ಭಾರತವೇ ಯಾಕೆ? ಅಲ್ಲಿನ ಬಿಳಿಯರು ಚೀನಾ, ಕೊರಿಯಾ, ಆಫ್ರಿಕಾದಿಂದೆಲ್ಲ ಮಕ್ಕಳನ್ನು ತರ್ತಿದ್ರಲ್ಲ?

ಕಡತ ಭಟ್ಟ:

ತರ್ತಿದ್ದರು. 2004ರಲ್ಲಿ ಸುಮಾರು 23 ಸಾವಿರ ಮಕ್ಕಳು ಹೊರದೇಶಗಳಿಂದ ಅಮೆರಿಕಕ್ಕೆ ದತ್ತು ಬಂದರು. 2023ರಲ್ಲಿ 1,275. ರಷ್ಯಾ 2012ರ ಕೊನೆಯಲ್ಲಿ ಅಮೆರಿಕನ್ನರಿಗೆ ಬಾಗಿಲು ಹಾಕಿತು, ಇಥಿಯೋಪಿಯಾ 2018ರಲ್ಲಿ ನಿಲ್ಲಿಸಿತು, ಚೀನಾ 2024ರಲ್ಲಿ ಬಂಧುಗಳ ಮಕ್ಕಳು, ಮಲಮಕ್ಕಳನ್ನು ಬಿಟ್ಟು ಮಿಕ್ಕೆಲ್ಲ ನಿಲ್ಲಿಸಿತು. ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ 2025ರಲ್ಲಿ ತನ್ನದೇ ದೇಶದ ಹಳೇ ದತ್ತುಗಳ ಕಡತಗಳಲ್ಲಿ ಸುಳ್ಳು ದಾಖಲೆಗಳಿವೆ, ಮಕ್ಕಳ ಹಕ್ಕು ಉಲ್ಲಂಘನೆಯಾಗಿದೆ ಅಂತ ಹೇಳಿತು. ಅಪ್ಪ ಅಮ್ಮ ಇದ್ದ ಮಕ್ಕಳನ್ನೂ ಅನಾಥರು ಅಂತ ಬರೆದು ಕಳಿಸಿದ್ದರು.

ಅದಕ್ಕೇ ಹೇಳುವುದು, ಭಾರತದ ಕಡತ ನಿಧಾನ ಅಂತ ಬೈಯುವ ಮುಂಚೆ ಯೋಚನೆ ಮಾಡಿ. ಆ ನಿಧಾನದಲ್ಲಿ ಒಂದು ಪಾಲು, ಮಗುವಿನ ಹೆತ್ತವರನ್ನು ಹುಡುಕಲು ಪೇಪರಿನಲ್ಲಿ ಫೋಟೋ ಹಾಕಿ ಕಾದ ಕಾಲ.

ಸೀತಾಳೆದಂಡೆ:

ಇಷ್ಟು ಹೊತ್ತು ಓದುತ್ತಾ ಇದ್ದೆ. ನಾನು ದತ್ತು ಹೋದವಳು. ಬೆಂಗಳೂರಿನ ಒಂದು ಸಂಸ್ಥೆಯಿಂದ, ಕೂಸಾಗಿದ್ದಾಗ. ಅಪ್ಪ ಅಮ್ಮ ಹಾಸನದವರು, ನಾನು ಬೆಳೆದದ್ದು ಲಂಡನ್ನಿನಲ್ಲಿ.

ಬಿಳಿಯರ ಮನೆಗೆ ಹೋದ ಮಕ್ಕಳಿಗೆ ಕನ್ನಡಿ ನೋಡಿದರೇ ಗೊತ್ತಾಗುತ್ತದೆ, ಯಾರೂ ಮುಚ್ಚಿಡಲು ಆಗುವುದಿಲ್ಲ. ನಮ್ಮಂಥ ಮನೆಗಳಲ್ಲಿ ಮುಚ್ಚಿಡುವುದು ಬಹಳ ಸುಲಭ. ಬಣ್ಣ ಒಂದೇ, ಮನೆಮಾತು ಒಂದೇ, ಮನೆದೇವರನ್ನೂ ಕೊಟ್ಟುಬಿಡುತ್ತಾರೆ. ಊರಿನ ಮದುವೆಯಲ್ಲಿ ಯಾರೋ ಅಜ್ಜಿ ಗಲ್ಲ ಹಿಡಿದು "ಥೇಟ್ ಸೋದರತ್ತೆ ಮೂಗು" ಅಂದರೆ ದೊಡ್ಡವರೆಲ್ಲ ಸಮಾಧಾನದಿಂದ ಸುಮ್ಮನಾಗುತ್ತಾರೆ. ನನ್ನ ಅಮ್ಮ ಸುಮ್ಮನಾಗಲಿಲ್ಲ. "ಮೂಗು ಅವಳ ಹೆತ್ತಮ್ಮನದಿರಬೇಕು, ಚೆನ್ನಾಗಿದೆ ಅಲ್ವಾ" ಅಂತ ಎಲ್ಲರೆದುರೇ ಅಂದರು. ಆಗ ನನಗೆ ಏಳೋ ಎಂಟೋ. ಛತ್ರದಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ, ಆಮೇಲೆ ಹೋಳಿಗೆ ಬಂತು, ಎಲ್ಲರೂ ಊಟಕ್ಕೆ ಹೋದರು. ಏನೂ ಆಗಲಿಲ್ಲ.

ತುಂಗಾತೀರ ಅವರೇ, ಅತ್ತೆಯವರಿಗೆ ಈಗಲೇ ಹೇಳಿ: ಮಗುವಿಗೆ ಮೊದಲ ದಿನದಿಂದ ಗೊತ್ತಿರುತ್ತದೆ, ಊರಿನಲ್ಲಿ ಯಾರೂ ಪಿಸುಗುಡುವ ಅಗತ್ಯ ಇಲ್ಲ ಅಂತ. ಇನ್ನೊಂದು, ಬರುವ ಪ್ರತಿ ಕಾಗದವನ್ನೂ ಇಟ್ಟುಕೊಳ್ಳಿ. ಯಾವ ಊರಿನಲ್ಲಿ ಸಿಕ್ಕಿತು, ಮೈಮೇಲೆ ಯಾವ ಬಟ್ಟೆ ಇತ್ತು, ಸಂಸ್ಥೆಯಲ್ಲಿ ಇಟ್ಟ ಹೆಸರೇನು. 18 ಆದ ಮೇಲೆ ಮೂಲ ಹುಡುಕಲು ಮಗುವೇ ಅರ್ಜಿ ಹಾಕಬಹುದು, ಅದಕ್ಕೆ ಮುಂಚೆ ನಿಮ್ಮ ಒಪ್ಪಿಗೆಯ ಜೊತೆ. ಹುಡುಕಿದರೆ ಸಿಕ್ಕೇ ಸಿಗುತ್ತದೆ ಅಂತಲ್ಲ. ನನಗೆ ಸಿಕ್ಕಿಲ್ಲ. ಆದರೆ ಸಂಸ್ಥೆಯಲ್ಲಿ ನನ್ನನ್ನು ನೋಡಿಕೊಂಡಿದ್ದ ಆಯಾ ಸಿಕ್ಕರು, ನಾನು ರಾತ್ರಿಯೆಲ್ಲ ಅಳುತ್ತಿದ್ದೆ ಅಂತ ದೂರು ಹೇಳಿದರು.

ತುಂಗಾತೀರ:

ಎಲ್ಲರಿಗೂ ಒಟ್ಟಿಗೇ ಉತ್ತರ ಕೊಡುತ್ತಿದ್ದೇನೆ. ಇದನ್ನು ನಮ್ಮವರಿಗೆ ಓದಿ ಹೇಳಿದೆ. ನನ್ನ ಸಿಟಿಜನ್‌ಶಿಪ್ ಅರ್ಜಿ ಸದ್ಯಕ್ಕೆ ಡ್ರಾಯರ್‌ಗೆ ಹೋಗಿದೆ. ಸೀತಾಳೆದಂಡೆ ಅವರ ಮಾತನ್ನು ಅತ್ತೆಗೆ ಫೋನಿನಲ್ಲಿ ಹೇಳಿದಾಗ "ಹಾಗಾದ್ರೆ ನಾಮಕರಣಕ್ಕೆ ಎಲ್ಲರನ್ನೂ ಕರೀಬೇಕು" ಅಂದರು. ಒಪ್ಪಿದರೋ ಬೇಜಾರಾದರೋ ಗೊತ್ತಾಗಲಿಲ್ಲ.

ಎರಡು ವರ್ಷದೊಳಗಿನ ಮಗು ಅನ್ನೋದನ್ನು ನಾನು ಬಿಡಲು ತಯಾರಿದ್ದೇನೆ, ನಾಲ್ಕು ವರ್ಷದವರೆಗೆ ಸರಿ. ಕರ್ನಾಟಕ ಅನ್ನೋದನ್ನೂ ಬಿಟ್ಟೆವು. ಆದರೆ ಆರೋಗ್ಯದ ವಿಷಯದಲ್ಲಿ ಇಬ್ಬರಿಗೂ ಒಮ್ಮತ ಇಲ್ಲ. ಅವರು ಸೀಳುತುಟಿ, ಹೃದಯದ ರಂಧ್ರ ಆಗಬಹುದು ಅಂತಾರೆ. ನನಗೆ ಧೈರ್ಯ ಸಾಲದು. ಹೀಗಂದರೆ ಕೆಟ್ಟವಳು ಅನ್ನಿಸುತ್ತೆ.

ಫೇಡಾಪ್ರಿಯ:

ಅನ್ನಿಸಬಾರದು. ಆಗಲ್ಲ ಅನ್ನೋದನ್ನು ಈಗಲೇ ಹೇಳುವುದು ಮಗುವಿಗೆ ಮಾಡುವ ಉಪಕಾರ. ಒಬ್ಬರಿಗೆ ಮನಸ್ಸಿಲ್ಲದೆ ಮಗು ಬರಬಾರದು. ದತ್ತು ಮನೆಯಲ್ಲಿ ಮಗುವಿನ ಗತಿ ಏನಾಗಬಹುದು ಅಂತ ನಮ್ಮ ಟೆಕ್ಸಾಸ್‌ನಲ್ಲೇ ನೋಡಿದ್ದೇವೆ. ಬಿಹಾರದಿಂದ ಬಂದಿದ್ದ ಮೂರು ವರ್ಷದ ಹುಡುಗಿ 2017ರಲ್ಲಿ ಸತ್ತಳು, ದತ್ತು ತಂದೆಗೆ ಜೀವಾವಧಿ ಶಿಕ್ಷೆ ಆಯಿತು. ಮನೆಗೆ ಬಂದ ಮೇಲೆ ಎರಡು ವರ್ಷ ವರದಿ ಹೋಗಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಅದನ್ನು ಕಾಟ ಅಂದುಕೊಳ್ಳಬೇಡಿ, ಕಷ್ಟ ಆದರೆ ಅವರ ಹತ್ತಿರವೇ ಹೇಳಿಕೊಳ್ಳಿ.

ಒಂದು ಸಲಹೆ. ಇಬ್ಬರೂ ಮಕ್ಕಳ ಹೃದ್ರೋಗ ತಜ್ಞರನ್ನು ಒಮ್ಮೆ ಭೇಟಿ ಮಾಡಿ. ಯಾವ ರಂಧ್ರ ತಾನೇ ಮುಚ್ಚುತ್ತೆ, ಯಾವುದಕ್ಕೆ ಆಪರೇಷನ್, ನಿಮ್ಮ ವಿಮೆ ಏನು ಕೊಡುತ್ತೆ ಅಂತ ಕೇಳಿ. ಅದಾದ ಮೇಲೂ ಬೇಡ ಅನ್ನಿಸಿದರೆ ಬೇಡ.

ತುಂಗಾತೀರ:

ಹಾಗೇ ಮಾಡುತ್ತೇವೆ ಅಕ್ಕ. ಖರ್ಚಿನ ಬಗ್ಗೆ ಯಾರೂ ಹೇಳಲಿಲ್ಲ.

ಕಡತ ಭಟ್ಟ:

ಭಾರತದ ಕಡೆ ಸಂಸ್ಥೆಗೆ ಕಟ್ಟುವುದು 5,000 ಡಾಲರ್, ಅದು ನಿಗದಿ, ಅದಕ್ಕಿಂತ ಜಾಸ್ತಿ ದೇಣಿಗೆ ಅಂತ ಕೇಳಿದರೆ ಕೊಡಬೇಡಿ. ಐ-800ಎಗೆ 920 ಡಾಲರ್. ಮಿಕ್ಕ ದೊಡ್ಡ ಪಾಲು ಅಮೆರಿಕದ ಏಜೆನ್ಸಿಯದು, ಅದು ಒಂದೊಂದು ಕಡೆ ಒಂದೊಂದು ರೀತಿ. ಎರಡು ಮೂರು ಏಜೆನ್ಸಿಗಳಿಂದ ಬರವಣಿಗೆಯಲ್ಲಿ ಪಟ್ಟಿ ತರಿಸಿ, ಅರ್ಧದಲ್ಲಿ ನಿಲ್ಲಿಸಿದರೆ ಎಷ್ಟು ವಾಪಸ್ ಅಂತಲೂ ಕೇಳಿ. ದತ್ತು ಪೂರ್ತಿಯಾದ ವರ್ಷ ತೆರಿಗೆಯಲ್ಲಿ ರಿಯಾಯಿತಿ ಇದೆ, 2025ಕ್ಕೆ ಗರಿಷ್ಠ 17,280 ಡಾಲರ್.

ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ. 18 ತುಂಬಿದ ಮೇಲೆ ನೀವಿಬ್ಬರೂ ಯಾವ್ಯಾವ ರಾಜ್ಯ, ಯಾವ್ಯಾವ ದೇಶದಲ್ಲಿದ್ದಿರಿ ಅಂತ ಪಟ್ಟಿ ಮಾಡಿ. ಆ ಎಲ್ಲ ಕಡೆಯ ದಾಖಲೆಗಳನ್ನೂ ಮನೆ ಅಧ್ಯಯನದಲ್ಲಿ ತಪಾಸಣೆ ಮಾಡುತ್ತಾರೆ. ಜಾಸ್ತಿ ತಡ ಆಗುವುದು ಇಲ್ಲೇ. ಎಲ್ಲೆಲ್ಲಿ ಇದ್ದಿರಿ?

ತುಂಗಾತೀರ:

ನಾನು ಶಿವಮೊಗ್ಗ, ಬೆಂಗಳೂರು, ಆಮೇಲೆ ಇಲ್ಲಿ. ನಮ್ಮವರು ಪುಣೆ, ಸಿಂಗಪುರ, ಓಹಾಯೋ, ನ್ಯೂಜೆರ್ಸಿ.

ಕಡತ ಭಟ್ಟ:

ಸಿಂಗಪುರದ ದಾಖಲೆಗೆ ಮೊದಲು ಅರ್ಜಿ ಹಾಕಿ.